ಅಪ್ಪ ದುಡ್ಡನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಾರೆ, ಬ್ಯಾಂಕಿಗೆ ಹಾಕಿಸೋದು ಹೇಗೆ?

ತೆಂಗಿನಮರದಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ತಿಪಟೂರು ಕಡೆ. ಅಪ್ಪನಿಗೆ 71 ವರ್ಷ. ಕೊಬ್ಬರಿ ಮಾರಿದ ದುಡ್ಡು ಮಂಡಿಯಿಂದ ಖಾತೆಗೆ ಬಂದ ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಪೂರ್ತಿ ಬಿಡಿಸಿಕೊಂಡು ಬರುತ್ತಾರೆ. ಖಾತೆಯಲ್ಲಿ ಉಳಿಯೋದು ಮಿನಿಮಮ್ ಬ್ಯಾಲೆನ್ಸ್ ಮಾತ್ರ. ಹೀಗೆ ಸೇರಿ ಸೇರಿ ಈಗ ಮನೆಯಲ್ಲಿ 6 ಲಕ್ಷದ 40 ಸಾವಿರ ಇದೆ. ಅಜ್ಜನ ಕಾಲದ ಕಬ್ಬಿಣದ ಟ್ರಂಕು, ಅದರಲ್ಲಿ ಅಮ್ಮನ ಧಾರೆ ಸೀರೆ, ಸೀರೆಯ ಕೆಳಗೆ ನೋಟಿನ ಕಟ್ಟು. ಇರುವೆ, ಜಿರಲೆ ಬರಬಾರದು ಅಂತ ನುಸಿಗುಳಿಗೆ ಬೇರೆ ಹಾಕಿದ್ದಾರೆ. ಹೋದ ಹಬ್ಬಕ್ಕೆ ನನ್ನ ಮಗಳಿಗೆ ಐನೂರು ಕೊಟ್ಟರು. ಅವಳು ಮೂಸಿ ನೋಡಿ "ತಾತ, ಇದು ಬಟ್ಟೆ ಅಂಗಡಿ ವಾಸನೆ" ಅಂದಳು.

ಸುಮ್ನೆ ಹಠ ಅಂತ ಹೇಳೋಕೂ ಆಗಲ್ಲ. ಎಂಟು ವರ್ಷದ ಹಿಂದೆ ನಮ್ಮ ಊರಿನ ಹತ್ತಿರದ ಒಂದು ಸಹಕಾರ ಸಂಘದಲ್ಲಿ 3 ಲಕ್ಷದ 20 ಸಾವಿರ ಇಟ್ಟಿದ್ದರು. ಪಕ್ಕದ ಬ್ಯಾಂಕಿಗಿಂತ ಮೂರು ಪರ್ಸೆಂಟ್ ಜಾಸ್ತಿ ಬಡ್ಡಿ. ಒಂದು ಸೋಮವಾರ ಹೋದರೆ ಬಾಗಿಲಿಗೆ ಬೀಗ. ಇವತ್ತಿನವರೆಗೂ ಒಂದು ರೂಪಾಯಿ ವಾಪಸ್ ಬಂದಿಲ್ಲ. ಆ ಪಾಸ್‌ಬುಕ್ ಈಗಲೂ ದೇವರ ಗೂಡಿನಲ್ಲಿದೆ, ಪಂಚಾಂಗದ ಪಕ್ಕ.

ಈಗ ಅದರ ಮೇಲೆ ಇನ್ನೊಂದು. ನನ್ನ ತಮ್ಮ ಬೆಂಗಳೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದಾನೆ. 2025ರ ಜುಲೈನಲ್ಲಿ ಅವನ ಪಕ್ಕದ ಬೇಕರಿಯವರಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂತು. ಇವನು ಅವತ್ತೇ ರಾತ್ರಿ ತನ್ನ ಕ್ಯೂಆರ್ ಸ್ಟಿಕ್ಕರ್ ಕಿತ್ತು ಹಾಕಿದ. ಇನ್ನೂ ವಾಪಸ್ ಅಂಟಿಸಿಲ್ಲ. ಅಪ್ಪನಿಗೆ ಇದು ಸಿಕ್ಕಿದ್ದೇ ತಡ, "ನೋಡಿದ್ಯಾ, ಒಬ್ಬರು ನುಂಗ್ತಾರೆ, ಇನ್ನೊಬ್ಬರು ಎಣಿಸ್ತಾರೆ, ನನಗೆ ಟ್ರಂಕೇ ಸರಿ" ಅಂದರು.

ಮನೆಯಲ್ಲಿ ಇರೋದು ವಯಸ್ಸಾದ ಇಬ್ಬರೇ. ಕಳ್ಳರ ಭಯಕ್ಕೆ ನನಗೆ ನಿದ್ದೆ ಬರಲ್ಲ. ಹೇಗೆ ಒಪ್ಪಿಸೋದು?

ಮಾಜಿ ಕ್ಯಾಷಿಯರ್

31 ವರ್ಷ ಸರ್ಕಾರಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಒಂದು ವಿಷಯ ಮೊದಲು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ಗೊಂದಲ ಇಲ್ಲೇ ಇದೆ.

ನಿಮ್ಮ ತಂದೆಯವರು ಕಳೆದುಕೊಂಡಿದ್ದು ಬ್ಯಾಂಕಿನಲ್ಲಿ ಅಲ್ಲ. ಪತ್ತಿನ ಸಹಕಾರ ಸಂಘ ಬೇರೆ, ಸೌಹಾರ್ದ ಸಹಕಾರಿ ಬೇರೆ, ಸಹಕಾರಿ ಬ್ಯಾಂಕ್ ಬೇರೆ. ಕೌಂಟರು, ಗಾಜು, ಪಾಸ್‌ಬುಕ್ಕು, ಗೋಡೆ ಮೇಲೆ ಲಕ್ಷ್ಮಿ ಫೋಟೋ ಎಲ್ಲಾ ಒಂದೇ ಥರ ಇರುತ್ತೆ. ಆದರೆ ಮೊದಲ ಎರಡಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲ, ಠೇವಣಿ ವಿಮೆಯೂ ಇಲ್ಲ. ಅವು ಬರೋದು ರಾಜ್ಯದ ಸಹಕಾರ ಕಾಯ್ದೆಗಳ ಕೆಳಗೆ. ಸಂಘ ಮುಳುಗಿದರೆ ಆಡಳಿತಾಧಿಕಾರಿ ಬರುತ್ತಾರೆ, ಕೇಸು ನಡೆಯುತ್ತೆ, ಆಸ್ತಿ ಹರಾಜಾಗಿ ಏನಾದರೂ ಬಂದರೆ ಬಂತು.

ಬ್ಯಾಂಕಾದರೆ ಡಿಐಸಿಜಿಸಿ ಅಂತ ಒಂದು ನಿಗಮ ಇದೆ. ಪ್ರತಿ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆ. ಅಸಲು ಬಡ್ಡಿ ಸೇರಿ 5 ಲಕ್ಷ, ಒಂದೇ ಬ್ಯಾಂಕಿನ ಎಷ್ಟು ಶಾಖೆಯಲ್ಲಿದ್ದರೂ ಒಟ್ಟು ಲೆಕ್ಕ. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತೆ, ನೀವು ಕಟ್ಟಬೇಕಿಲ್ಲ. ನಗರ ಸಹಕಾರಿ ಬ್ಯಾಂಕಿಗೂ ಇದು ಉಂಟು. ಇಬ್ಬರು ಬೇರೆ ಬೇರೆ ಹೆಸರಲ್ಲಿ ಇಟ್ಟರೆ, ಜಂಟಿ ಖಾತೆ ಮಾಡಿದರೆ, ಅವುಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತಾರೆ.

ಟ್ರಂಕಿಗೆ ಯಾವ ವಿಮೆಯೂ ಇಲ್ಲ. ಅಷ್ಟು ಹೇಳಿ ನಿಮ್ಮ ತಂದೆಯವರಿಗೆ.

ಗದಗದ ಅಕ್ಕ

ಕ್ಯಾಷಿಯರ್ ಸಾಹೇಬ್ರೇ, ನೀವು ಹೇಳಿದ್ದು ಪುಸ್ತಕದಾಗ ಸರಿ ಅದ. ಆದರೆ ಆ 5 ಲಕ್ಷ ಯಾವಾಗಿಂದ ಬಂತು ಅನ್ನೋದನ್ನೂ ಹೇಳಬೇಕಲ್ಲ?

1993ರಿಂದ 2020ರವರೆಗೆ ವಿಮೆ ಇದ್ದದ್ದು ಬರೀ 1 ಲಕ್ಷ. 27 ವರ್ಷ ಒಂದೇ ಲಕ್ಷ! ಬಂಗಾರದ ರೇಟು ಎಲ್ಲಿಂದ ಎಲ್ಲಿಗೆ ಹೋಯಿತು, ವಿಮೆ ಮಾತ್ರ ಅಲ್ಲೇ ಕೂತಿತ್ತು. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿಗೆ ಬೀಗ ಬಿದ್ದ ಹಾಗೆ ಆಯಿತು. ಆರು ತಿಂಗಳಿಗೆ 1,000 ರೂಪಾಯಿ ಮಾತ್ರ ತೆಗೆಯಬಹುದು ಅಂದರು. ಆರು ತಿಂಗಳಿಗೆ ಸಾವಿರ! ಆಮೇಲೆ ಮಿತಿ ಸ್ವಲ್ಪ ಸ್ವಲ್ಪ ಏರಿಸಿದರು. ಒಂದು ಬಿಲ್ಡರ್ ಕಂಪನಿಗೆ ಕೊಟ್ಟ ಸಾಲ ಮುಚ್ಚಿಡೋಕೆ 21 ಸಾವಿರಕ್ಕೂ ಜಾಸ್ತಿ ಸುಳ್ಳು ಖಾತೆ ತೆರೆದಿದ್ದರಂತೆ. ಆಡಿಟ್ ಮಾಡುವವರು ಇದ್ದರು, ರಿಸರ್ವ್ ಬ್ಯಾಂಕ್ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಅದಾದ ಮೇಲೆ 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕು. 35 ಸಾವಿರದ ಮಿತಿ. ಅಲ್ಲಿ ಇಟ್ಟವರಲ್ಲಿ ಬಹಳಷ್ಟು ಮಂದಿ ನಿವೃತ್ತರು, ಪಿಎಫ್ ದುಡ್ಡು ಪೂರಾ ತಂದು ಸುರಿದವರು. ಅವರೇನು ಓದುಬರಹ ಬರದವರಾ? ಮಾರ್ಚಿನಲ್ಲಿ ಯೆಸ್ ಬ್ಯಾಂಕು, 50 ಸಾವಿರದ ಮಿತಿ. ಅದಂತೂ ಸಹಕಾರಿಯೂ ಅಲ್ಲ.

ಇಷ್ಟೆಲ್ಲ ಆಗುತ್ತಿದ್ದಾಗ, 2020ರ ಫೆಬ್ರವರಿಯಲ್ಲಿ, 5 ಲಕ್ಷ ಮಾಡಿದರು. ಮಿತಿ ಹೇರಿದ 90 ದಿನದೊಳಗೆ ವಿಮೆ ದುಡ್ಡು ಕೊಡಬೇಕು ಅನ್ನೋ ಕಾನೂನು ಬಂದದ್ದು 2021ರಲ್ಲಿ. ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡಿದರು ಅಂತ ನಮ್ಮವ್ವ ಅಂತಿದ್ದಳು.

ಇನ್ನೊಂದು ಮಾತು. ನಮ್ಮ ಗದಗಿನ ಹತ್ತಿರ ಕಣಗಿನಹಾಳ ಅಂತ ಊರದ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮಾದರಿಯಾಗೋ ಸಹಕಾರ ಸಂಘ ಕಟ್ಟಿದ ಊರು. ಊರವರ ದುಡ್ಡು, ಊರವರ ಕಣ್ಣ ಮುಂದೆ. ಈಗ ಅದೇ "ಸಹಕಾರಿ" ಅನ್ನೋ ಶಬ್ದ ಕೇಳಿದರೆ ಜನ ಸೆರಗಿನ ಗಂಟು ಬಿಗಿ ಮಾಡಿಕೊಳ್ಳುತ್ತಾರೆ.

ಮಾಜಿ ಕ್ಯಾಷಿಯರ್

ತಾಯೀ, ಒಪ್ಪಿದೆ. ತಡವಾಯಿತು ಅನ್ನೋದರಲ್ಲಿ ಎರಡು ಮಾತಿಲ್ಲ.

ಪಿಗ್ಮಿ ಅಣ್ಣ

ನಾನು 22 ವರ್ಷ ಪಿಗ್ಮಿ ಕಲೆಕ್ಟ್ ಮಾಡಿದವನು, ಉಡುಪಿ ಕಡೆ. ಪಿಗ್ಮಿ ಅನ್ನೋದು ಹುಟ್ಟಿದ್ದೇ ನಮ್ಮಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ದಿನಕ್ಕೆ ಎರಡಾಣೆ. ಮೀನು ಮಾರುವವರು, ಬೀಡಿ ಕಟ್ಟುವವರು, ನೇಕಾರರು, ಎಲ್ಲರ ಮನೆ ಬಾಗಿಲಿಗೆ ಬ್ಯಾಂಕೇ ಹೋಗುತ್ತಿತ್ತು.

ನನ್ನ ಅನುಭವ ಹೇಳುತ್ತೇನೆ. ಮೀನು ಮಾರ್ಕೆಟ್ಟಿನಲ್ಲಿ ಒಬ್ಬ ಬಾಯಮ್ಮ ಇದ್ದರು. ದಿನಾ 50 ರೂಪಾಯಿ. ಒದ್ದೆ ಕೈಯಲ್ಲಿ ಕೊಡುತ್ತಿದ್ದರು, ನೋಟಿಗೆ ಮೀನಿನ ಪೊರೆ ಅಂಟಿಕೊಂಡಿರುತ್ತಿತ್ತು. ನಾನು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಟ್ಟರೆ ಓದಲು ಬಾರದು, ಆದರೂ ಎರಡು ನಿಮಿಷ ಕಾರ್ಡನ್ನು ನೋಡಿಯೇ ರವಿಕೆಯೊಳಗೆ ಇಡುವುದು. ಒಮ್ಮೆ ನನಗೆ ಜ್ವರ, ಬದಲಿಗೆ ಬೇರೆ ಹುಡುಗ ಹೋದ. ಒಂದು ಪೈಸೆ ಕೊಡಲಿಲ್ಲ. "ನಿನ್ನ ಮನೆ ಎಲ್ಲಿ, ಅಮ್ಮ ಯಾರು" ಅಂತ ಕೇಳಿ ವಾಪಸ್ ಕಳಿಸಿದರಂತೆ. ನಾನು ದುಡ್ಡು ತಿಂದರೆ ನನ್ನ ಅಮ್ಮನಿಗೆ ಬೈಯಲು ಅವರಿಗೆ ವಿಳಾಸ ಗೊತ್ತಿತ್ತು. ಅದೇ ಅವರ ವಿಮೆ.

ಈಗ ಯಾರ ಅಮ್ಮನಿಗೆ ಬೈಯುವುದು ಮಾರಾಯ್ರೆ? ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಬೋರ್ಡೇ ಹೋಯಿತು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾಕ್ಕೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್‌ಗೆ, ಸಿಂಡಿಕೇಟು ಕೆನರಾಕ್ಕೆ. ದುಡ್ಡು ಸೇಫೇ ಇದೆ, ನಾನು ಇಲ್ಲ ಅನ್ನಲ್ಲ. ಆದರೆ ಕೌಂಟರಿನಲ್ಲಿ ಕೂತವರಿಗೆ ತುಳು ಬರಲ್ಲ, ಕನ್ನಡವೂ ಬರಲ್ಲ. ಫಾರಂ ಹಿಂದಿಯಲ್ಲಿ. ಅಲ್ಲಿ ಹೋಗಿ ಬಾಯಮ್ಮ ಏನನ್ನು ನಂಬುವುದು?

ರಾಯಚೂರು ಬಿಸಿಲು

ಭಾಷೆ ಒಂದೇ ಅಲ್ಲ ಅಣ್ಣ. ನಮ್ಮವ್ವನ ಖಾತೆಗೆ ಪಿಂಚಣಿ ಬಂದಿತ್ತು. ಬಿಡಿಸಾಕ ಹೋದರೆ ಸೊನ್ನೆ. ಕೇಳಿದರೆ ಅಪ್ಪನ ಹಳೇ ಬೆಳೆ ಸಾಲಕ್ಕೆ ಹೊಂದಾಣಿಕೆ ಮಾಡಿಕೊಂಡೀವಿ ಅಂದರು. ಅಪ್ಪ ಸತ್ತು ನಾಲ್ಕು ವರ್ಷ. ಮೂರು ಸಲ ಅಲೆದು, ಅರ್ಜಿ ಕೊಟ್ಟು, ಕೊನೆಗೆ ವಾಪಸ್ ಹಾಕಿದರು. ಗೃಹಲಕ್ಷ್ಮಿಯ 2,000 ರೂಪಾಯಿಗೂ ಹಿಂಗೇ ಆಗಿ ಸುಮಾರು ಕಡೆ ಗಲಾಟೆ ಆಗಿತ್ತು, ಸಾಲಕ್ಕೆ ಮುರಿದುಕೊಳ್ಳಬಾರದು ಅಂತ ಸರ್ಕಾರವೇ ಬ್ಯಾಂಕಿನವರಿಗೆ ಹೇಳಬೇಕಾಯಿತು.

ಅದರ ಜೊತೆ 436 ರೂಪಾಯಿ ವಿಮೆ, 20 ರೂಪಾಯಿ ವಿಮೆ ಅಂತ ಕೇಳದೇ ಕಟ್ ಆಗೋದು. ಅಪ್ಪಾಜಿ ಟ್ರಂಕು ಎಂದಾದರೂ ಎಸ್ಸೆಮ್ಮೆಸ್ ಚಾರ್ಜ್ ಕೇಳೈತೇನು?

ಮಲ್ಲೇಶ್ವರಂ ಮಲ್ಲಿಗೆ

😀 ಟ್ರಂಕಿಗೆ ಕೆವೈಸಿಯೂ ಬೇಡ.

ಕ್ಯೂಆರ್ ಕಿತ್ತವನು

ತೆಂಗಿನಮರದಡಿ ಅವರೇ, ನಿಮ್ಮ ತಮ್ಮನ ಥರದವನೇ ನಾನು. ಬೇಕರಿ, ಬೆಂಗಳೂರು. ನನ್ನ ಲೆಕ್ಕ ಹೇಳುತ್ತೇನೆ ಕೇಳಿ.

ಬೆಳಿಗ್ಗೆ ಐದಕ್ಕೆ ಶಟರ್ ಎತ್ತುತ್ತೇನೆ. ಮೊದಲ ಗಿರಾಕಿ ಹಾಲು. ಅರ್ಧ ಲೀಟರಿಗೆ ನನಗೆ ಉಳಿಯೋದು ಚಿಲ್ಲರೆ ಕಾಸು. ಸಿಗರೇಟು ಒಂದಕ್ಕೆ 20 ಕೊಟ್ಟರೆ ಒಂದೂವರೆ ಉಳಿದರೆ ಪುಣ್ಯ. ಟೀ, ಬನ್ನು, ಪಫ್ಸ್‌ನಲ್ಲಿ ಏನೋ ಸಿಗುತ್ತೆ. ಇದೆಲ್ಲ ಒಂದೇ ಕ್ಯೂಆರ್‌ಗೆ ಬರುತ್ತೆ. ಅದೇ ಕ್ಯೂಆರ್‌ಗೆ ನನ್ನ ಭಾವ ಕೈಸಾಲ ವಾಪಸ್ ಹಾಕುತ್ತಾನೆ, ಚೀಟಿ ದುಡ್ಡು ಬರುತ್ತೆ, ಎದುರಿನ ಪಿಜಿ ಹುಡುಗರು "ಅಣ್ಣ 500 ಹಾಕ್ತೀನಿ, ಕ್ಯಾಶ್ ಕೊಡಿ" ಅಂತ ತಗೊಂಡು ಹೋಗುತ್ತಾರೆ. ವರ್ಷದ ಕೊನೆಗೆ ಎಲ್ಲಾ ಕೂಡಿದರೆ 50 ಲಕ್ಷ ದಾಟುತ್ತೆ. ನೋಡಿದವರು ನನ್ನನ್ನ ಸಾಹುಕಾರ ಅಂದುಕೊಳ್ಳಬೇಕು. ನಾನು ಇರೋದು ಬಾಡಿಗೆ ಮನೆಯಲ್ಲಿ, ಒಂದು ರೂಮು ಒಂದು ಹಾಲ್.

ಎಲ್ಲಾ ಕಡೆ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಬೋರ್ಡ್ ಬಿದ್ದಿದ್ದು ಕಳ್ಳತನಕ್ಕಲ್ಲ ಸ್ವಾಮಿ, ಭಯಕ್ಕೆ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಅಂತ ಪೇಪರಿನಲ್ಲಿ ಬಂದಾಗ ನನ್ನ ಹೆಂಡತಿ ಅವತ್ತು ಊಟ ಮಾಡಲಿಲ್ಲ. ನಮಗೆ "ಡಿಜಿಟಲ್ ಮಾಡಿ, ಡಿಜಿಟಲ್ ಮಾಡಿ" ಅಂತ ಹೇಳಿ ಸ್ಟಿಕ್ಕರ್ ಅಂಟಿಸಿ ಹೋದವರು ಇದರಲ್ಲಿ ಎಲ್ಲಾ ಲೆಕ್ಕ ಬೀಳುತ್ತೆ ಅಂತ ಒಂದು ಮಾತು ಹೇಳಿರಲಿಲ್ಲ.

ಲೆಕ್ಕದ ಪುಸ್ತಕ

ನಾನು ಟ್ಯಾಕ್ಸ್ ಪ್ರಾಕ್ಟೀಸ್ ಮಾಡುವವನು. ಆ ಜುಲೈನಲ್ಲಿ ನನ್ನ ಆಫೀಸಿನ ಮೆಟ್ಟಿಲ ಮೇಲೆಲ್ಲ ಜನ ಕೂತಿದ್ದರು. ಒಬ್ಬರು ನೋಟಿಸನ್ನು ಪ್ಲಾಸ್ಟಿಕ್ ಕವರಿನೊಳಗೆ, ಅದನ್ನು ಮತ್ತೊಂದು ಕವರಿನೊಳಗೆ ಇಟ್ಟುಕೊಂಡು ತಂದಿದ್ದರು, ಬಿಚ್ಚಿದರೆ ಸಿಡಿಯುತ್ತೆ ಅನ್ನೋ ಹಾಗೆ.

ಕಾನೂನು ಇಷ್ಟು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಯುಪಿಐಗೆ ಮಾತ್ರ ಅಲ್ಲ, ಕ್ಯಾಶಿಗೂ ಅದೇ. ಹಾಗಾಗಿ ಸ್ಟಿಕ್ಕರ್ ಕಿತ್ತರೆ ಕಾನೂನು ಬದಲಾಗಲ್ಲ. ಬರೀ ತರಕಾರಿ, ಹಣ್ಣು, ಹಾಲು ಮಾರುವವರಿಗೆ ತೆರಿಗೆಯೂ ಇಲ್ಲ, ನೋಂದಣಿಯೂ ಬೇಡ. ಎಡವಟ್ಟು ಆಗೋದು ಬೇಕರಿ, ಕಾಂಡಿಮೆಂಟ್ಸ್‌ನಂಥ ಕಡೆ. ಹಾಲಿನ ಮೇಲೆ ತೆರಿಗೆ ಇಲ್ಲದಿದ್ದರೂ, ಪಕ್ಕದಲ್ಲಿ ಬಿಸ್ಕತ್ತು ಮಾರಿದರೆ 40 ಲಕ್ಷದ ಲೆಕ್ಕಕ್ಕೆ ಹಾಲೂ ಸೇರುತ್ತೆ. ಇದನ್ನು ಯಾವ ಅಂಗಡಿಯವನಿಗೆ ಯಾರು ಹೇಳಿಕೊಟ್ಟಿದ್ದರು?

ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ, ಅದೇ ಕಾಂಪೊಸಿಷನ್, ಅಂದರೆ ಸಣ್ಣವರಿಗೆ ಇರೋ ಕಡಿಮೆ ದರದ ಸರಳ ತೆರಿಗೆ, ತಗೊಂಡಿದ್ದರೆ ವ್ಯಾಪಾರಿಗೆ 1 ಪರ್ಸೆಂಟ್, ಹೋಟೆಲ್ಲಿಗೆ 5 ಪರ್ಸೆಂಟ್. ಒಂದೂವರೆ ಕೋಟಿ ವಹಿವಾಟಿನವರೆಗೆ ಈ ಸೌಲಭ್ಯ ಇದೆ. ಆದರೆ ಅದು ಹಿಂದಿನ ವರ್ಷಗಳಿಗೆ ಸಿಗಲ್ಲ. ಅದಕ್ಕೇ ಹಳೇ ವರ್ಷಗಳಿಗೆ ಪೂರ್ತಿ ದರ, ಬಡ್ಡಿ, ದಂಡ ಅಂತ ಹಾಕಿದಾಗ ಆ ಭಯಂಕರ ಸಂಖ್ಯೆ ಬಂದಿದ್ದು. ವ್ಯಾಪಾರಿಗಳು ಬಂದ್ ಕರೆ ಕೊಟ್ಟ ಮೇಲೆ ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ಬಂದ್ ನಿಂತಿತು.

ಇಲಾಖೆ ತಪ್ಪು ಮಾಡಿತು ಅಂತ ನಾನು ಹೇಳಲ್ಲ. ಮಾಡಿದ ರೀತಿ ತಪ್ಪು. ಮೊದಲು ಬಂದು ಹೇಳಿ, ಆಮೇಲೆ ಕೇಳಬೇಕು. ಇವರು ನೇರ ಕೇಳಿದರು. ಒಮ್ಮೆ ಹೆದರಿದವನು ನಾಲ್ಕು ವರ್ಷ ಪುಸ್ತಕದಿಂದ ಹೊರಗೇ ಇರುತ್ತಾನೆ.

ಇನ್ನು ಮೂಲ ಪ್ರಶ್ನೆ. ನಿಮ್ಮ ತಂದೆಯವರದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಬ್ಯಾಂಕಿನವರು ತೆರಿಗೆ ಇಲಾಖೆಗೆ ವರದಿ ಮಾಡೋದು ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಿದರೆ. 6 ಲಕ್ಷಕ್ಕೆ ಅದೂ ಇಲ್ಲ. ದೊಡ್ಡ ಮೊತ್ತ ಕಟ್ಟುವಾಗ ಪ್ಯಾನ್ ಕೇಳಬಹುದು ಅಷ್ಟೇ. ನಿಮ್ಮ ಅದೃಷ್ಟಕ್ಕೆ ಅವರು ಮಂಡಿ ದುಡ್ಡನ್ನು ಖಾತೆಯಿಂದಲೇ ಬಿಡಿಸಿದ್ದಾರೆ. ಪಾಸ್‌ಬುಕ್ಕಿನಲ್ಲಿ ತಾರೀಖು ಸಮೇತ ಇದೆ. ಅದಕ್ಕಿಂತ ಒಳ್ಳೆ ದಾಖಲೆ ಬೇಡ. ಮಂಡಿ ಪಟ್ಟಿ ಇದ್ದರೆ ಅದನ್ನೂ ಇಟ್ಟುಕೊಳ್ಳಿ.

ಟ್ರಂಕಿನಿಂದ ತೆಗೆದು ಯಾರಿಗಾದರೂ ಸಾಲ ಕೊಡೋಕೆ ಮಾತ್ರ ಹೋಗಬೇಡಿ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಿನಲ್ಲಿ ತಗೊಂಡರೆ ತಗೊಂಡವರಿಗೆ ತೊಂದರೆ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯೋದಂತೂ 2017ರಿಂದ ನಿಷೇಧ.

ಬಾಯಿಬಡುಕ

ಎಲ್ಲಾ ಸರಿ ಸಾರ್. ವಿಜಯ್ ಮಲ್ಯ 9,000 ಕೋಟಿಗೂ ಜಾಸ್ತಿ ಬಾಕಿ ಇಟ್ಟುಕೊಂಡು 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹಾರುವಾಗ ಈ ಲೆಕ್ಕದ ಪುಸ್ತಕ ಎಲ್ಲಿತ್ತು? ಬನ್ನು ಮಾರುವವನ ಚಿಲ್ಲರೆ ಮಾತ್ರ ಕಾಣುತ್ತೆ.

ಲೆಕ್ಕದ ಪುಸ್ತಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದಿನಾ ಒಬ್ಬ ಕಕ್ಷಿದಾರನಾದರೂ ಇದನ್ನೇ ಕೇಳುತ್ತಾನೆ.

ಸಾಸಿವೆ ಡಬ್ಬಿ

ಎಲ್ಲರೂ ಗಂಡಸರ ದುಡ್ಡಿನ ವಿಷಯ ಮಾತಾಡುತ್ತಿದ್ದೀರಿ. ನಾನು ಹೆಂಗಸರದ್ದು ಹೇಳುತ್ತೇನೆ.

2016ರ ನವೆಂಬರ್ 8, ರಾತ್ರಿ ಎಂಟು. ನಾವೆಲ್ಲ ಟಿವಿ ಮುಂದೆ. 500, 1000ದ ನೋಟು ಮಧ್ಯರಾತ್ರಿಯಿಂದ ನಡೆಯಲ್ಲ ಅಂತ ಪ್ರಧಾನಿ ಹೇಳಿದರು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಡಬ್ಬಿಗಳ ಸದ್ದು. ಹೋಗಿ ನೋಡಿದರೆ ನೆಲದ ಮೇಲೆ ಕೂತು ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಹುಣಸೆಹಣ್ಣಿನ ಜಾಡಿ ಎಲ್ಲಾ ಬಗ್ಗಿಸಿಕೊಂಡಿದ್ದಾರೆ. ನೋಟು 46 ಸಾವಿರ. ಹನ್ನೊಂದು ವರ್ಷದ ಉಳಿತಾಯ. ಮಾವನವರಿಗೆ ಗೊತ್ತೇ ಇರಲಿಲ್ಲ. ಮಾವ ಕುಡಿಯುತ್ತಿದ್ದರು, ಗೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ ಅನ್ನಿ.

ಆ ದುಡ್ಡು ನಷ್ಟವೇನೂ ಆಗಲಿಲ್ಲ. ಒಂದಿಷ್ಟು ಬದಲಾಯಿಸಿಕೊಂಡು, ಮಿಕ್ಕಿದ್ದನ್ನು ಬ್ಯಾಂಕಿಗೆ ಕಟ್ಟಿದೆವು, ಪೂರ್ತಿ ಬಂತು. ಆದರೆ ಕಟ್ಟೋಕೆ ಮಾವನ ಖಾತೆಯೇ ಬೇಕಾಯಿತು, ಅತ್ತೆಗೆ ಖಾತೆ ಇರಲಿಲ್ಲ. ಅವರ ಗುಟ್ಟು ಹೋಯಿತು. ಸರ್ಕಾರ ನನ್ನ ದುಡ್ಡು ನೋಡಿತು ಅಂತ ನೀವೆಲ್ಲ ಬೈಯುತ್ತೀರಿ. ನಮ್ಮತ್ತೆಯ ದುಡ್ಡನ್ನು ಮಾವ ನೋಡಿದರು. ಆಮೇಲೆ ಅದು ಎಷ್ಟು ದಿನ ಉಳಿಯಿತು ಅಂತ ಕೇಳಬೇಡಿ.

ನೋಟು ಬದಲಾಯಿಸಿಕೊಳ್ಳಲು ಹೋದವರ ಬೆರಳಿಗೆ ಶಾಯಿ ಹಾಕಿದ್ದು ನೆನಪಿದೆಯಾ? ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಓಟಿನ ಶಾಯಿ. ಗುಲಾಬಿ ಬಣ್ಣದ 2000ದ ನೋಟು ಅಚ್ಚಾಗಿದ್ದೂ ಮೈಸೂರಿನ ಮುದ್ರಣಾಲಯದಲ್ಲೇ. ಆ ನೋಟನ್ನೂ 2023ರ ಮೇನಲ್ಲಿ ವಾಪಸ್ ಕರೆದರು. ಓಟು ಹಾಕಿದಾಗ ಶಾಯಿ ಕಂಡರೆ ಹೆಮ್ಮೆ ಆಗುತ್ತೆ. ಅವತ್ತು ಅತ್ತೆ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ಓಡಾಡಿದರು.

ಮಾಜಿ ಕ್ಯಾಷಿಯರ್

ಅಮ್ಮಾ, ನಿಮ್ಮ ಅತ್ತೆಯವರಂಥವರು ನನ್ನ ಕೌಂಟರಿನ ಮುಂದೆ ನಿಂತಿದ್ದರು. ಗಾಜಿನ ಈ ಕಡೆಯದ್ದನ್ನೂ ಹೇಳಿಬಿಡುತ್ತೇನೆ.

ಮೊದಲ ಹತ್ತು ದಿನ ಮನೆಗೆ ಹೋಗಿದ್ದು ರಾತ್ರಿ ಒಂದಕ್ಕೆ, ಎರಡಕ್ಕೆ. ಬದಲಾಯಿಸುವ ಮಿತಿ 4,000 ಇದ್ದದ್ದು 4,500 ಆಯಿತು, ಮೂರು ದಿನಕ್ಕೆ 2,000ಕ್ಕೆ ಇಳಿಯಿತು. ಬೆಳಿಗ್ಗೆ ಒಂದು ಸುತ್ತೋಲೆ, ಸಂಜೆ ಒಂದು. ಬೆಳಿಗ್ಗೆ ಬಂದವನಿಗೆ ಒಂದು ಹೇಳಿ, ಮಧ್ಯಾಹ್ನ ಅವನ ಹೆಂಡತಿಗೆ ಇನ್ನೊಂದು ಹೇಳಿದರೆ ನನ್ನನ್ನ ಯಾರು ನಂಬುತ್ತಾರೆ? ಮದುವೆಗೆ 2.5 ಲಕ್ಷ ತೆಗೆಯಬಹುದು ಅಂತ ಟಿವಿಯಲ್ಲಿ ಬಂತು. ಲಗ್ನಪತ್ರಿಕೆ ಹಿಡಿದು ಜನ ಬಂದರು. ನಮ್ಮ ಶಾಖೆಗೆ ಅವತ್ತು ಬಂದಿದ್ದ ಕ್ಯಾಶೇ 3 ಲಕ್ಷ. ಒಬ್ಬರಿಗೆ ಕೊಟ್ಟರೆ ಉಳಿದವರಿಗೆ ಏನು ಕೊಡಲಿ?

ಎಣಿಸಿ ಎಣಿಸಿ ಹೆಬ್ಬೆರಳ ಚರ್ಮ ಸುಲಿದಿತ್ತು. ಒಂದು ರಾತ್ರಿ 9,000 ಕಡಿಮೆ ಬಂತು. ಕೈಯಿಂದ ಕಟ್ಟಿದೆ.

ಕೊನೆಗೆ ರಿಸರ್ವ್ ಬ್ಯಾಂಕೇ 2018ರ ವರದಿಯಲ್ಲಿ ಹೇಳಿತು, ರದ್ದಾದ ನೋಟಿನಲ್ಲಿ 99.3 ಪರ್ಸೆಂಟ್ ವಾಪಸ್ ಬಂದಿದೆ ಅಂತ. ಅದನ್ನು ಓದಿದ ದಿನ ನನಗೆ ನಗು ಬಂತೋ ಅಳು ಬಂತೋ ನೆನಪಿಲ್ಲ. ಇಲ್ಲಿಯವರೆಗೆ ಬ್ಯಾಂಕಿನ ಪರ ಮಾತಾಡಿದವನು ನಾನೇ. ಆದರೆ ಜನರ ನಂಬಿಕೆ ಹೋಗಿದ್ದು ಅಜ್ಞಾನದಿಂದ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಅವರು ಕಂಡಿದ್ದನ್ನು ನೆನಪಿಟ್ಟುಕೊಂಡಿದ್ದಾರೆ.

ಬಾಯಿಬಡುಕ

ಎಲ್ಲರಿಗೂ ಒಂದು ವಿಷಯ. ಇನ್ನೇನು 500ರ ನೋಟೂ ಬ್ಯಾನ್ ಆಗುತ್ತಂತೆ. ಎಟಿಎಂನಲ್ಲಿ ಬರೋದು ನಿಲ್ಲುತ್ತಂತೆ. ವಾಟ್ಸಾಪಿನಲ್ಲಿ ಬಂದಿದೆ.

ಲೆಕ್ಕದ ಪುಸ್ತಕ

ಸುಳ್ಳು. ಸರ್ಕಾರವೇ ಅಲ್ಲಗಳೆದಿದೆ. 2,000ಕ್ಕಿಂತ ಜಾಸ್ತಿ ಯುಪಿಐ ಮಾಡಿದರೆ ಜಿಎಸ್‌ಟಿ ಅನ್ನೋದೂ ಹೀಗೇ ಸುಳ್ಳು ಸುದ್ದಿ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಎಲ್ಲರ ವಾಟ್ಸಾಪ್ ಓದುತ್ತಾರೆ ಅಂತಲೂ ಕಳಿಸುತ್ತಾರೆ. ಇಮೇಲು, ಸೋಷಿಯಲ್ ಮೀಡಿಯಾ ನೋಡುವ ಅಧಿಕಾರ ಅದರಲ್ಲಿ ಇರೋದು ನಿಜ, ಆದರೆ ಶೋಧ ನಡೆಯುವಾಗ, ಅಂದರೆ ರೇಡ್ ಬಿದ್ದಾಗ. ಮಾಮೂಲಿ ರಿಟರ್ನ್ ಹಾಕುವವರಿಗೆ ಅಲ್ಲ.

ಬಾಯಿಬಡುಕ

2016ರಲ್ಲೂ ನವೆಂಬರ್ 7ಕ್ಕೆ ಯಾರಾದರೂ ಹೇಳಿದ್ದರೆ ಸುಳ್ಳು ಅಂತಲೇ ಅನ್ನುತ್ತಿದ್ದಿರಿ.

ಲೆಕ್ಕದ ಪುಸ್ತಕ

ಅದೂ ಸರಿಯೇ.

ಎಳನೀರು ಗಾಡಿ

ನನ್ನ ಖಾತೆ ಎರಡು ತಿಂಗಳು ಫ್ರೀಜ್ ಆಗಿತ್ತು. ಯಾರೋ ಎಳನೀರು ಕುಡಿದು 120 ಹಾಕಿ ಹೋಗಿದ್ದಾರೆ. ಆ ದುಡ್ಡು ಬೇರೆ ಯಾವುದೋ ರಾಜ್ಯದಲ್ಲಿ ಸೈಬರ್ ಮೋಸದ ದುಡ್ಡಂತೆ. ಅಲ್ಲಿಯ ಪೊಲೀಸರು ಬರೆದರು, ಇಲ್ಲಿ ಬ್ಯಾಂಕಿನವರು 120 ಹಿಡಿಯೋ ಬದಲು ಪೂರ್ತಿ ಖಾತೆ ಹಿಡಿದರು. ಒಳಗೆ 38 ಸಾವಿರ ಇತ್ತು, ಮಗಳ ಕಾಲೇಜು ಫೀಸು. ಮ್ಯಾನೇಜರ್ "ಅಲ್ಲಿಗೇ ಫೋನ್ ಮಾಡಿ" ಅಂದರು. ಮಾಡಿದರೆ ಹಿಂದಿಯಲ್ಲಿ ಬೈಗುಳ. ಗಿರಾಕಿ ದುಡ್ಡು ಕೊಡುವಾಗ ನಾನು ಮುಖ ನೋಡಿ ಇದು ಯಾವ ದುಡ್ಡು ಅಂತ ಹೇಳೋಕಾಗುತ್ತಾ?

ಟೊರಾಂಟೊ ಕನ್ನಡತಿ

ಇದು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಕೆನಡಾದಲ್ಲಿ 2022ರ ಫೆಬ್ರವರಿಯಲ್ಲಿ ಲಾರಿಯವರ ಪ್ರತಿಭಟನೆ ಆದಾಗ ತುರ್ತು ಕಾಯ್ದೆ ಹೇರಿ, ಕೋರ್ಟಿನ ಆದೇಶ ಇಲ್ಲದೆ ಸುಮಾರು ಖಾತೆ ಫ್ರೀಜ್ ಮಾಡಿದರು. ಆ ಪ್ರತಿಭಟನೆ ನನಗೆ ಸ್ವಲ್ಪವೂ ಇಷ್ಟ ಇರಲಿಲ್ಲ, ರಾತ್ರಿಯಿಡೀ ಹಾರ್ನ್ ಹೊಡೆಯುತ್ತಿದ್ದರು. ಆದರೂ ಆ ಸುದ್ದಿ ಓದಿದ ದಿನ ನನ್ನ ಖಾತೆಯನ್ನ ಎರಡು ಸಲ ತೆಗೆದು ನೋಡಿದೆ. 2024ರಲ್ಲಿ ಫೆಡರಲ್ ಕೋರ್ಟು ಆ ಕಾಯ್ದೆ ಬಳಸಿದ್ದು ಸರಿಯಲ್ಲ ಅಂದಿತು. ಅಷ್ಟರಲ್ಲಿ ಎರಡು ವರ್ಷ ಆಗಿತ್ತು.

ನ್ಯಾಮತಿ ಹತ್ತಿರದವನು

ದುಡ್ಡಿನ ಬದಲು ಬಂಗಾರ ತಗೊಂಡು ಲಾಕರಿನಲ್ಲಿ ಇಡಿ ಅಂತ ಯಾರಾದರೂ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ.

2024ರ ಅಕ್ಟೋಬರಿನಲ್ಲಿ ನಮ್ಮ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಜಾಸ್ತಿ ಬಂಗಾರ ಹೋಯಿತು. ಜನ ಅಡ ಇಟ್ಟಿದ್ದ ಒಡವೆ. ಕೆಲವು ತಿಂಗಳಾದ ಮೇಲೆ ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತು. ಮುಖ್ಯ ಆರೋಪಿ ಬ್ಯಾಂಕು ಸಾಲ ಕೊಡಲಿಲ್ಲ ಅನ್ನೋ ಸಿಟ್ಟಿಗೆ ಈ ಕೆಲಸಕ್ಕೆ ಇಳಿದ ಅಂತ ಪೊಲೀಸರು ಹೇಳಿದರು. 2025ರ ಮೇನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಬಂಗಾರ. ಬಂಧಿತರಲ್ಲಿ ಒಬ್ಬರು ಅದೇ ಶಾಖೆಯ ಹಿಂದಿನ ಮ್ಯಾನೇಜರ್!

ಬಾಡಿಗೆ ಲಾಕರಿಗೆ ಬೇರೆ ನಿಯಮ. ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರಲ್ಲ. ಕಳ್ಳತನ ಆದರೆ, ಸಿಬ್ಬಂದಿಯೇ ಮೋಸ ಮಾಡಿದರೆ, ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಕೊಡಬೇಕು. ಬಾಡಿಗೆ 2,000 ಆದರೆ 2 ಲಕ್ಷ. ಈಗಿನ ರೇಟಿನಲ್ಲಿ 2 ಲಕ್ಷಕ್ಕೆ ಎಷ್ಟು ಬಂಗಾರ ಬರುತ್ತೆ ನೀವೇ ಲೆಕ್ಕ ಹಾಕಿ.

ಮಾಜಿ ಕ್ಯಾಷಿಯರ್

ತೆಂಗಿನಮರದಡಿ, ಒಂದು ಕಿವಿಮಾತು. ತಂದೆಯವರ ಜೊತೆ ವಾದ ಮಾಡಬೇಡಿ. ಪೂರ್ತಿ ಹಾಕಿ ಅಂತಲೂ ಹೇಳಬೇಡಿ. ಮಂಡಿ ದುಡ್ಡು ಬರುವ ಅದೇ ಬ್ಯಾಂಕಿನಲ್ಲಿ ತಾಯಿಯವರ ಜೊತೆ ಜಂಟಿ ಎಫ್‌ಡಿ ಮಾಡಿಸಿ, 5 ಲಕ್ಷದ ಒಳಗೆ. ನಾಮಿನಿ ಬರೆಸೋದು ಮರೆಯಬೇಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಅಲೆದಾಟ. ಮುಖ್ಯವಾಗಿ, ಕಾಗದದ ರಸೀದಿ ಕೇಳಿ ತಗೊಳ್ಳಿ. ಮೊಬೈಲಿನಲ್ಲಿ ತೋರಿಸಿದರೆ ಆ ವಯಸ್ಸಿನವರಿಗೆ ಅದು ದುಡ್ಡಲ್ಲ.

ತೆಂಗಿನಮರದಡಿ

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಈ ಚರ್ಚೆಯನ್ನ ಅಪ್ಪನಿಗೆ ಓದಿ ಹೇಳಿದೆ. ಪಿಗ್ಮಿ ಅಣ್ಣನದ್ದು ಎರಡು ಸಲ ಓದಿಸಿದರು. ವಿಮೆ, ಕಾಯ್ದೆ ಎಲ್ಲಾ ಕೇಳಿ ಸುಮ್ಮನಿದ್ದರು. ಕ್ಯಾಷಿಯರ್ ಅವರು 9,000 ಕೈಯಿಂದ ಕಟ್ಟಿದರು ಅಂತ ಬಂದಾಗ ಮಾತ್ರ "ಪಾಪ, ಯಾವ ಊರಂತೆ ಅವರದು?" ಅಂತ ಕೇಳಿದರು.

ಮಾರನೇ ದಿನ ತಾವೇ ಬ್ಯಾಂಕಿಗೆ ಹೊರಟರು. 4 ಲಕ್ಷ, ಟವೆಲ್ಲಿನಲ್ಲಿ ಸುತ್ತಿ, ಅದನ್ನ ರಸಗೊಬ್ಬರದ ಚೀಲದೊಳಗೆ ಹಾಕಿ. ಕೌಂಟರಿನ ಹುಡುಗಿ ನೋಟು ಎಣಿಸುವ ಮಷಿನ್ನಿಗೆ ಹಾಕಿದ ಕೂಡಲೇ ನುಸಿಗುಳಿಗೆ ವಾಸನೆ ಹಾಲ್ ತುಂಬಾ. ಅವಳು ಮೂಗು ಮುಚ್ಚಿಕೊಂಡು ನಕ್ಕಳು. ಅಪ್ಪನೂ ನಕ್ಕರು. ಆಮೇಲೆ ಅವಳು "ತಾತ, ಇದು ಯಾವ ದುಡ್ಡು?" ಅಂತ ಕೇಳಿದಾಗ ಅಪ್ಪನ ಮುಖ ಗಂಟಾಯಿತು. ಕೆಟ್ಟಿತು ಅಂದುಕೊಂಡೆ. ಅವರು ಅಂಗಿ ಒಳಗಿನ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಕೌಂಟರಿನ ಮೇಲೆ ಇಟ್ಟರು. ಆರು ವರ್ಷದ ಮಂಡಿ ಪಟ್ಟಿ, ಒಂದೂ ಬಿಡದೆ. ನನಗೇ ಗೊತ್ತಿರಲಿಲ್ಲ ಇಟ್ಟಿದ್ದಾರೆ ಅಂತ. "ಓದಮ್ಮ" ಅಂದರು. ಅವಳು ಎರಡು ನೋಡಿ ಸಾಕು ತಾತ ಅಂದಳು. ಇವರು "ಇಲ್ಲ, ಎಲ್ಲಾ ಓದು" ಅಂದರು. ಹಿಂದೆ ಕ್ಯೂನಲ್ಲಿ ಎಂಟು ಜನ.

ತಾಯಿ ಜೊತೆ ಜಂಟಿಯಾಗಿ ಎಫ್‌ಡಿ ಆಯಿತು. ಮಿಕ್ಕ 2 ಲಕ್ಷದ 40 ಸಾವಿರ ಮನೆಯಲ್ಲೇ ಇದೆ, ಅದರ ಬಗ್ಗೆ ಮಾತಾಡೋ ಹಾಗಿಲ್ಲ ಅಂತ ಆರ್ಡರ್ ಆಗಿದೆ. ತಮ್ಮ ಜಿಎಸ್‌ಟಿ ನೋಂದಣಿ ಮಾಡಿಸಿ, ಅಂಗಡಿಗೆ ಅಂತಲೇ ಬೇರೆ ಕರೆಂಟ್ ಅಕೌಂಟ್ ತೆಗೆದು, ಹೊಸ ಸ್ಟಿಕ್ಕರ್ ಅಂಟಿಸಿದ್ದಾನೆ. ಕೈಸಾಲ, ಚೀಟಿ ಯಾವುದನ್ನೂ ಅದಕ್ಕೆ ಹಾಕಿಸಿಕೊಳ್ಳಲ್ಲ. ಸಿಗರೇಟಿಗೆ ಮಾತ್ರ ಇನ್ನೂ ಕ್ಯಾಶೇ ಕೇಳುತ್ತಾನೆ. ಲೆಕ್ಕದ ಪುಸ್ತಕದವರು ಬೈಯಬೇಡಿ.

ಗದಗದ ಅಕ್ಕ

ಎಫ್‌ಡಿ ರಸೀದಿ ಎಲ್ಲಿಟ್ಟೀರಿ?

ತೆಂಗಿನಮರದಡಿ

ಟ್ರಂಕಿನಲ್ಲಿ. ಸೀರೆ ಕೆಳಗೆ.

ಸಾಸಿವೆ ಡಬ್ಬಿ

ಬೀಗದ ಕೈ ಯಾರ ಹತ್ತಿರ?

ತೆಂಗಿನಮರದಡಿ

ಅಮ್ಮನ ಹತ್ತಿರ. ಅಪ್ಪ ಕೇಳಿದರೂ "ಏನಕ್ಕೆ ಬೇಕು, ಎಷ್ಟು ಬೇಕು" ಅಂತ ವಿಚಾರಿಸಿಯೇ ಕೊಡೋದು.